ಮುಖ ಕೆಂಪೇರುವ ಭಯ: ಸೋಮವಾರಪೇಟೆ ಕಡೆಯ ಒಂದು ಪ್ರಕರಣ

ಸೋಮವಾರಪೇಟೆ ಕಡೆಯ ಸಹಕಾರ ಸಂಘವೊಂದರಲ್ಲಿ ಗುಮಾಸ್ತರಾಗಿರುವ 27 ವರ್ಷದ ಯುವಕರೊಬ್ಬರು ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡೇ ನನ್ನ ಆಪ್ತಸಮಾಲೋಚನೆಯ ಕೊಠಡಿಗೆ ಬಂದರು. (ಅವರ ಒಪ್ಪಿಗೆ ಪಡೆದು, ಗುರುತು ತಿಳಿಯದಂತೆ ವಿವರಗಳನ್ನು ಬದಲಿಸಿ ಬರೆಯುತ್ತಿದ್ದೇನೆ.) ಮಳೆಗಾಲದಲ್ಲೂ ಚಳಿಗಾಲದಲ್ಲೂ ಕೊಡಗಿನಲ್ಲಿ ಮಫ್ಲರ್ ಯಾರ ಗಮನವನ್ನೂ ಸೆಳೆಯುವುದಿಲ್ಲ, ಏಪ್ರಿಲ್ ಬಿಸಿಲಿನಲ್ಲಿ ಅದಕ್ಕೊಂದು ಕಾರಣ ಹೇಳಬೇಕಾಗುತ್ತದೆ.

"ಮೇಡಂ, ನಾಲ್ಕು ಜನ ನನ್ನ ಕಡೆ ತಿರುಗಿದರೆ ಸಾಕು, ಕಿವಿಯಿಂದ ಕುತ್ತಿಗೆಯವರೆಗೆ ಉರಿ ಹತ್ತುತ್ತದೆ" ಎಂದರು. ಶಾಲೆಯಲ್ಲಿ ಅಧ್ಯಾಪಕರೊಬ್ಬರು ತರಗತಿಯೆದುರು ಆಡಿದ ಹಾಸ್ಯದ ಮಾತು ಅವರಿಗೆ ಇನ್ನೂ ನೆನಪಿತ್ತು. ಅದಕ್ಕಿಂತ ಹೆಚ್ಚಾಗಿ ನೋಯಿಸಿದ್ದು ಮದುವೆ ಮನೆಯೊಂದರಲ್ಲಿ ಸೋದರಮಾವ ಕೇಳಿದ "ಈಗಲೇ ಕುಡಿದು ಬಂದಿದ್ದೀಯಾ?" ಎಂಬ ಪ್ರಶ್ನೆ. ಆಮೇಲೆ ಧೈರ್ಯಕ್ಕೆಂದು ಸಮಾರಂಭಗಳಿಗೆ ನಿಜವಾಗಿಯೂ ಒಂದು ಪೆಗ್ ಹಾಕಿಕೊಂಡು ಹೋಗತೊಡಗಿದರು. ಮದ್ಯವೇ ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಮುಖವನ್ನು ಇನ್ನಷ್ಟು ಕೆಂಪಾಗಿಸುತ್ತದೆ ಎಂಬುದು ಅವರಿಗೆ ತಿಳಿದಿರಲಿಲ್ಲ. ಸೆಪ್ಟೆಂಬರಿನ ವಾರ್ಷಿಕ ಮಹಾಸಭೆಯಲ್ಲಿ ವರದಿ ಓದುವ ಹೊಣೆ ಬಿದ್ದಾಗ ಕೆಲಸವನ್ನೇ ಬಿಡುವ ಯೋಚನೆ ಮಾಡಿದ್ದರು.

ಮೊದಲು ಅವರನ್ನು ವೈದ್ಯರ ಬಳಿಗೆ ಕಳುಹಿಸಿದೆ, ಏಕೆಂದರೆ ಥೈರಾಯ್ಡ್ ತೊಂದರೆ, ರೊಸೇಷಿಯಾ ಎಂಬ ಚರ್ಮರೋಗ, ಕೆಲವು ಮಾತ್ರೆಗಳು ಸಹ ಮುಖವನ್ನು ಕೆಂಪಾಗಿಸುತ್ತವೆ. ಅಂಥದ್ದೇನೂ ಇರಲಿಲ್ಲ. ಮುಖ ಕೆಂಪಾಗದಂತೆ ಎದೆಯ ನರವನ್ನು ಕತ್ತರಿಸುವ ಶಸ್ತ್ರಚಿಕಿತ್ಸೆಯ ಬಗ್ಗೆಯೂ ಅವರು ಕೇಳಿದರು. ಅದರ ಬಳಿಕ ಬೆನ್ನು, ಹೊಟ್ಟೆಯ ಭಾಗಗಳಲ್ಲಿ ವಿಪರೀತ ಬೆವರುವುದು ಹಲವರಿಗೆ ಶಾಶ್ವತವಾಗಿ ಉಳಿಯುವುದರಿಂದ ಆ ದಾರಿ ಈಗ ಬೇಡವೆಂದೆ.

ಅಳುಕಾದಾಗ ಅನುವೇದಕ ನರವ್ಯೂಹ (ಅಪಾಯಕ್ಕೆ ದೇಹವನ್ನು ಸಜ್ಜುಗೊಳಿಸುವ ನರಗಳ ಜಾಲ) ಚುರುಕಾಗಿ ಮುಖದ ರಕ್ತನಾಳಗಳು ಹಿಗ್ಗುತ್ತವೆ. ಇದು ಇಚ್ಛೆಯ ಹಿಡಿತದಲ್ಲಿಲ್ಲ. ಹಿಡಿತಕ್ಕೆ ತರಲು ಹೆಣಗಿದಷ್ಟೂ ಗಮನವೆಲ್ಲ ಕೆನ್ನೆಯ ಮೇಲೇ ನಿಂತು ಅಳುಕು ಹೆಚ್ಚುತ್ತದೆ. ನನ್ನ ದೃಷ್ಟಿಯಲ್ಲಿ ಅವರ ಬದುಕನ್ನು ಕಿರಿದಾಗಿಸಿದ್ದು ಕೆಂಪಿಗಿಂತ ಅದನ್ನು ಮುಚ್ಚಿಡುವ ಈ ಕಾವಲು: ಮಫ್ಲರ್, ಪೆಗ್, ಸಭೆಯಲ್ಲಿ ಕಿಟಕಿಗೆ ಬೆನ್ನು ಹಾಕಿ ಕೂರುವುದು, ಫೋನ್ ಬಂದಂತೆ ನಟಿಸಿ ಹೊರನಡೆಯುವುದು.

ಎರಡನೆಯ ಭೇಟಿಯಲ್ಲಿ ಒಂದು ಪುಟವನ್ನು ನನ್ನೆದುರು ನಿಂತು ಓದಿಸಿ ವಿಡಿಯೊ ಮಾಡಿದೆ. ಮುಖದ ಕೆಂಪಿಗೆ ಹತ್ತರಲ್ಲಿ ಒಂಬತ್ತು ಅಂಕವೆಂದು ಅವರು ಮೊದಲೇ ಬರೆದುಕೊಟ್ಟಿದ್ದರು. ವಿಡಿಯೊ ನೋಡಿದ ಮೇಲೆ ತಾವೇ ಅದನ್ನು ನಾಲ್ಕಕ್ಕೆ ಇಳಿಸಿ, ಬಹಳ ಹೊತ್ತು ಸುಮ್ಮನೆ ಕುಳಿತರು. ಒಳಗಿನ ಉರಿಯೆಲ್ಲ ಹೊರಗೆ ಕಾಣುತ್ತಿದೆ ಎಂದು ಹತ್ತು ವರ್ಷ ನಂಬಿದವರಿಗೆ ಆ ಮೌನ ಬೇಕಿತ್ತು.

ಮುಂದಿನ ವಾರಗಳಲ್ಲಿ ಗಮನವನ್ನು ಹೊರಕ್ಕೆ ತಿರುಗಿಸುವ ಅಭ್ಯಾಸ ನಡೆಯಿತು. ಸಂಘಕ್ಕೆ ಬಂದ ಸದಸ್ಯರೊಡನೆ ಮಾತನಾಡುವಾಗ ಅವರ ಮಾತಿನ ತಿರುಳು, ದನಿ, ಕಾಗದದ ಮೇಲಿನ ಸಂಖ್ಯೆಗಳ ಮೇಲೆ ಮನಸ್ಸಿಡಬೇಕು. ಅದು ಕೆನ್ನೆಗೆ ಮರಳಿದರೆ ತನ್ನನ್ನು ಗದರಿಕೊಳ್ಳದೆ ಮತ್ತೆ ಎದುರಿನವರ ಮಾತಿಗೆ ತರಬೇಕು. ಮಫ್ಲರನ್ನು ಮೊದಲು ಅಂಗಡಿಯಲ್ಲಿ, ನಂತರ ಕಚೇರಿಯಲ್ಲಿ, ಕೊನೆಗೆ ಕೊಡವರ ಕೈಲ್ ಪೊಳ್ದ್ ಹಬ್ಬಕ್ಕೆ ಕರೆದ ಗೆಳೆಯನ ಮನೆಯಲ್ಲಿ ತೆಗೆದಿಟ್ಟರು. ಆ ಊಟಕ್ಕೆ ಪೆಗ್ ಇಲ್ಲದೆ ಹೋಗಿದ್ದರು. ಯಾರಾದರೂ ಕೇಳಿದರೆ "ನನಗೆ ಬೇಗ ಮುಖ ಕೆಂಪಾಗುತ್ತದೆ, ಮೊದಲಿನಿಂದಲೂ ಹಾಗೇ" ಎಂದು ಹೇಳಿ, ಸಮರ್ಥನೆಗೆ ಇಳಿಯದೆ, ನಡೆಯುತ್ತಿದ್ದ ಮಾತನ್ನು ಮುಂದುವರಿಸಬೇಕೆಂದು ಸೂಚಿಸಿದ್ದೆ. ಈ ಒಂದು ವಾಕ್ಯವನ್ನು ಅವರು ಕನ್ನಡಿಯ ಮುಂದೆ ಅಭ್ಯಾಸ ಮಾಡುವುದಾಗಿ ಹೇಳಿದಾಗ ಬೇಡವೆಂದೆ. ಕನ್ನಡಿ ಮತ್ತೆ ಅವರನ್ನು ಕೆನ್ನೆಗೇ ಒಯ್ಯುತ್ತಿತ್ತು.

ಮಹಾಸಭೆಯಲ್ಲಿ ಎರಡನೆಯ ಪುಟಕ್ಕೆ ಬರುವಷ್ಟರಲ್ಲಿ ಉರಿ ಹತ್ತಿತು. ನೀರು ಕುಡಿದು, ಉಸಿರನ್ನು ನಿಧಾನವಾಗಿ ಹೊರಬಿಟ್ಟು, ಓದನ್ನು ಮುಗಿಸಿದರು. ಸದಸ್ಯರು ಡಿವಿಡೆಂಡ್ ಬಗ್ಗೆ ಮೂರು ಪ್ರಶ್ನೆ ಕೇಳಿದರು. ಮುಖದ ಬಗ್ಗೆ ಯಾರೂ ಕೇಳಲಿಲ್ಲ.

ಈಗ ತಿಂಗಳಿಗೊಮ್ಮೆ ಬರುತ್ತಾರೆ. ಮನೆಯವರು ಹೆಣ್ಣು ನೋಡಲು ಹೊರಟಿದ್ದಾರೆ, ಅದಕ್ಕಾಗಿ ಹೊಸ ಅಭ್ಯಾಸ ಆರಂಭಿಸಿದ್ದೇವೆ.