ಕಾಯಿ ಎದ್ದು ನಿಂತಿದ್ದು ಸುಳ್ಳಲ್ಲ

ಪ್ರಶ್ನೆ: ನಮ್ಮದು ಮುಳಬಾಗಿಲು ತಾಲ್ಲೂಕು. ಎರಡು ಬೋರು ಫೇಲ್ ಆಗಿವೆ. ಎರಡಕ್ಕೂ ತೆಂಗಿನಕಾಯಿ ಹಿಡಿದು ನೀರು ನೋಡುವವರೇ ಪಾಯಿಂಟ್ ಮಾಡಿದ್ದು. ಮೂರನೆಯದಕ್ಕೂ ಅವರನ್ನೇ ಕರೆಸಬೇಕು ಅಂತ ಅಪ್ಪ ಹಠ ಹಿಡಿದಿದ್ದಾರೆ. ನಾನು ಎಂ.ಎಸ್ಸಿ. ಓದಿದವನು, ಎಷ್ಟು ಹೇಳಿದರೂ ‘ಕಾಯಿ ಎದ್ದು ನಿಂತಿದ್ದು ನಾನೇ ಕಣ್ಣಾರೆ ನೋಡಿದೀನಿ’ ಅಂತಾರೆ. ಈಗ ಇಬ್ಬರಿಗೂ ಮಾತಿಲ್ಲ. ಏನು ಮಾಡಲಿ?

ಉತ್ತರ: ನಿಮ್ಮ ಅಪ್ಪ ನೋಡಿದ್ದು ನಿಜ. ಅಂಗೈ ಮೇಲೆ ಮಲಗಿಸಿದ ಕಾಯಿ ನೆಟ್ಟಗೆ ಎದ್ದು ನಿಂತಿದೆ. ಹಿಡಿದವರು ಮೋಸ ಮಾಡಿರಲೇಬೇಕು ಅಂತಲೂ ಇಲ್ಲ. ಮನಸ್ಸಿನಲ್ಲಿ ‘ಇಲ್ಲೇ ಇದೆ’ ಅನ್ನಿಸಿದ ಕೂಡಲೇ ಕೈಯ ಸ್ನಾಯುಗಳು ನಮಗೇ ತಿಳಿಯದ ಹಾಗೆ ಸ್ವಲ್ಪ ಅಲುಗುತ್ತವೆ. ಇಂಗ್ಲೆಂಡಿನ ವಿಲಿಯಂ ಕಾರ್ಪೆಂಟರ್ ಅನ್ನುವ ವೈದ್ಯರು 1852ರಲ್ಲೇ ಇದನ್ನು ಬಿಡಿಸಿ ಹೇಳಿದರು. ಮರುವರ್ಷ ಮೈಕಲ್ ಫ್ಯಾರಡೆ ಇದನ್ನು ಪರೀಕ್ಷೆ ಮಾಡಿಯೂ ತೋರಿಸಿದರು. ಆಗ ಅಲ್ಲಿ ಮೇಜಿನ ಮೇಲೆ ಕೈಯಿಟ್ಟು ಕೂತು ‘ದೆವ್ವ ಮೇಜನ್ನು ತಿರುಗಿಸುತ್ತಿದೆ’ ಅನ್ನುವವರು ಬಹಳ ಜನ ಇದ್ದರು. ಮೇಜನ್ನು ತಳ್ಳುತ್ತಿದ್ದದ್ದು ಅವರದೇ ಕೈಗಳು, ಅದು ಅವರಿಗೆ ಗೊತ್ತೇ ಇರಲಿಲ್ಲ. ಹಾಗಾಗಿ ‘ಅದೆಲ್ಲ ಸುಳ್ಳು’ ಅಂತ ನೀವು ಶುರು ಮಾಡಿದರೆ, ಕಣ್ಣಾರೆ ಕಂಡವರಿಗೆ ನೀವೇ ಸುಳ್ಳುಗಾರ ಅನ್ನಿಸುತ್ತೀರಿ.

ಆದರೆ ಕಾಯಿ ನಿಂತಿತು ಅನ್ನುವುದೇ ಬೇರೆ, ಕೆಳಗೆ ನೀರಿದೆ ಅನ್ನುವುದೇ ಬೇರೆ. ಜರ್ಮನಿಯ ಕಾಸೆಲ್‌ನಲ್ಲಿ 1990ರಲ್ಲಿ ಕಡ್ಡಿ ಹಿಡಿದು ನೀರು ಹುಡುಕುವ 30 ಜನರನ್ನು ಪರೀಕ್ಷಿಸಿದರು. ನೆಲದಡಿ ಹೂತ ಪೈಪಿನಲ್ಲಿ ಈಗ ನೀರು ಹರಿಯುತ್ತಿದೆಯೋ ಇಲ್ಲವೋ ಹೇಳಬೇಕು, ಅಷ್ಟೇ. ಸುಮ್ನೆ ಕಣ್ಣು ಮುಚ್ಚಿ ಊಹಿಸಿದರೆ ಎಷ್ಟು ಸರಿಯಾಗುತ್ತದೋ ಅಷ್ಟೇ ಅವರದೂ ಸರಿಯಾಯಿತು.

ಹಾಗಾದರೆ ಎರಡು ಬೋರು ಹೋದ ಮೇಲೂ ಅಪ್ಪ ಯಾಕೆ ಬಿಡುತ್ತಿಲ್ಲ? ಹೋಗಿದ್ದಕ್ಕೇ ಬಿಡುತ್ತಿಲ್ಲ ಅಂತ ನನಗನ್ನಿಸುತ್ತದೆ. ಬೋರಿನ ಲಾರಿ ಹೊಲಕ್ಕೆ ಬಂತು ಅಂದರೆ ಅಡಿ ಲೆಕ್ಕದಲ್ಲಿ ದುಡ್ಡು. ಕೋಲಾರದ ಕಡೆ ಸಾವಿರ, ಸಾವಿರದ ಇನ್ನೂರು ಅಡಿಗೂ ಬರೀ ಧೂಳು ಬರುವುದು ನಿಮಗೆ ಹೊಸದಲ್ಲ. ‘ಅವರ ಮಾತು ಕೇಳಿ ತಪ್ಪು ಮಾಡಿದೆ’ ಅಂತ ಒಪ್ಪಿದರೆ, ಆ ಸಾಲ, ಒಡವೆ ಅಡ ಇಟ್ಟಿದ್ದು, ಅಮ್ಮನ ಮುಂದೆ ತಲೆ ತಗ್ಗಿಸಿದ್ದು ಎಲ್ಲವೂ ತನ್ನ ತಪ್ಪಾಗುತ್ತದೆ. ‘ಆವತ್ತು ಘಳಿಗೆ ಸರಿ ಇರಲಿಲ್ಲ’ ಅಂದರೆ ಆ ನೋವು ಕಡಿಮೆ. ಮಾಡಿದ ಕೆಲಸಕ್ಕೂ ಎದುರಿಗಿರುವ ಸತ್ಯಕ್ಕೂ ತಾಳೆಯಾಗದಿದ್ದಾಗ ಮನಸ್ಸು ತಡೆಯಲಾರದೆ ಒಂದು ಸಮಾಧಾನ ಹುಡುಕುತ್ತದೆ ಅಂತ ಅಮೆರಿಕದ ಮನಶ್ಶಾಸ್ತ್ರಜ್ಞ ಲಿಯಾನ್ ಫೆಸ್ಟಿಂಗರ್ 1957ರಲ್ಲಿ ಹೇಳಿದರು. ಓದಿದವರು, ಓದದವರು ಅಂತ ಭೇದ ಇಲ್ಲ ಇದರಲ್ಲಿ.

ಇನ್ನೊಂದು ಕಾರಣ, ಧೈರ್ಯ. ಕಲ್ಲು ನೆಲದಲ್ಲಿ ನೀರು ಸಿಗುವುದು ಬಿರುಕುಗಳಲ್ಲಿ ಮಾತ್ರ. ಬಿರುಕು ಎಲ್ಲಿದೆ ಅಂತ ಗ್ಯಾರಂಟಿ ಕೊಡುವವರು ಯಾರೂ ಇಲ್ಲ. ಅಷ್ಟು ದುಡ್ಡನ್ನು ಗೊತ್ತಿಲ್ಲದ ಜಾಗಕ್ಕೆ ಸುರಿಯುವ ಮನುಷ್ಯನಿಗೆ ಯಾರಾದರೂ ‘ಇಲ್ಲೇ, ಎರಡಿಂಚು ನೀರು’ ಅನ್ನಬೇಕು. ಕಾಯಿ ಹಿಡಿದವರು ಅದನ್ನು ಹೇಳುತ್ತಾರೆ. ನೀವು ಆ ಧೈರ್ಯವನ್ನು ಕಿತ್ತುಕೊಳ್ಳುತ್ತಿದ್ದೀರಿ, ಬದಲಿಗೆ ಏನನ್ನೂ ಕೊಡುತ್ತಿಲ್ಲ.

ನಾನಾಗಿದ್ದರೆ ಹೀಗೆ ಮಾಡುತ್ತಿದ್ದೆ. ಮೊದಲು ಜೊತೆಗೆ ಕೂತು ಊಟ. ಆಮೇಲೆ ‘ಅವರನ್ನು ಬಿಡಿ, ಜಿಯಾಲಜಿಸ್ಟ್ ಕರೆಸೋಣ’ ಅನ್ನಬೇಡಿ, ‘ಇಬ್ಬರನ್ನೂ ಕರೆಸೋಣ ಅಪ್ಪ’ ಅನ್ನಿ. ಜಿಯಾಲಜಿಸ್ಟ್ ಮಿಷನ್ ಇಟ್ಟು ನೋಡಿದ್ದೂ ಫೇಲ್ ಆಗಬಹುದು ಅಂತ ನೀವೇ ಮುಂಚೆ ಹೇಳಿ, ಯಾಕೆಂದರೆ ಅದು ನಿಜ, ಮತ್ತು ನೀವು ಗೆಲ್ಲಲು ಬಂದಿಲ್ಲ ಅಂತ ಅವರಿಗೆ ಗೊತ್ತಾಗುತ್ತದೆ. ಲಾರಿ ಬರುವ ಮುಂಚೆ ಒಂದು ನೋಟ್‌ಬುಕ್ ತೆಗೆದು ನಿಮ್ಮದಷ್ಟೇ ಅಲ್ಲ, ಅಕ್ಕಪಕ್ಕದ ಹೊಲದವರ ಬೋರುಗಳನ್ನೂ ಬರೆಯಿರಿ: ಯಾರು ಪಾಯಿಂಟ್ ಮಾಡಿದ್ದು, ಎಷ್ಟು ಅಡಿ, ಎಷ್ಟು ಇಂಚು ನೀರು. ಫೇಲ್ ಆದದ್ದನ್ನು ಬಿಡದೆ ಬರೆಯಿರಿ. ನೀರು ಬಿದ್ದ ಬೋರಿನ ಕಥೆಯನ್ನು ಊರೆಲ್ಲ ಹೇಳುತ್ತದೆ, ಫೇಲ್ ಆದ ಬೋರಿನ ಬಾಯಿಗೆ ಕಲ್ಲು ಮುಚ್ಚಿ ಮರೆಯುತ್ತಾರೆ. ಆ ಪಟ್ಟಿಯನ್ನು ಅಪ್ಪನ ಕೈಯಲ್ಲೇ ಬರೆಸಿ. ನಿಮ್ಮ ವಾದಕ್ಕಿಂತ ಅವರದೇ ಅಕ್ಷರಕ್ಕೆ ಬೆಲೆ ಜಾಸ್ತಿ.

ಇನ್ನೊಂದು ಮಾತು. ಎದುರು ಹೇಳಿದಷ್ಟೂ ಜನ ಇನ್ನೂ ಗಟ್ಟಿಯಾಗುತ್ತಾರೆ, ಆದ್ದರಿಂದ ಸತ್ಯ ಹೇಳಿ ಪ್ರಯೋಜನವಿಲ್ಲ ಅಂತ ಕೆಲವರು ಕೈಚೆಲ್ಲುತ್ತಾರೆ. 2010ರ ಒಂದು ಅಧ್ಯಯನದಿಂದ ಆ ಮಾತು ಹಬ್ಬಿತು. ಆಮೇಲೆ ಇನ್ನಿಬ್ಬರು ಸಂಶೋಧಕರು 52 ವಿಷಯಗಳ ಮೇಲೆ 10,000ಕ್ಕೂ ಹೆಚ್ಚು ಜನರನ್ನು ಕೇಳಿ ನೋಡಿದರು. ಹಾಗಾಗುವುದು ತೀರಾ ಅಪರೂಪ ಅಂತ ಕಂಡಿತು. ಸರಿಯಾದ ವಿಷಯ ಹೇಳಿದರೆ ಜನ ಸ್ವಲ್ಪವಾದರೂ ಕೇಳಿಸಿಕೊಳ್ಳುತ್ತಾರೆ. ಹೇಳುವುದನ್ನು ಬಿಡಬೇಡಿ, ಧ್ವನಿ ಏರಿಸುವುದನ್ನು ಬಿಡಿ.

ಪ್ರಶ್ನೆ: ನಾವು ಗೌರಿಬಿದನೂರಿನವರು. ಎಲ್ಲವನ್ನೂ ಪ್ರಶ್ನಿಸಿ ಎಂದ ಎಚ್. ನರಸಿಂಹಯ್ಯನವರ ಹೊಸೂರು ಇಲ್ಲೇ ಇದೆ. ಆದರೂ ನಮ್ಮ ಮನೆಯ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ದಿನಾ ‘ಇದು ತಿಂದರೆ ಸಕ್ಕರೆ ಕಾಯಿಲೆ ಮಾಯ’ ಅನ್ನುವ ಮೆಸೇಜು. ನಮ್ಮ ಅತ್ತೆ ಮಾತ್ರೆ ಬಿಡುವ ಯೋಚನೆಯಲ್ಲಿದ್ದಾರೆ. ಚಿಂತೆಯಾಗಿದೆ.

ಉತ್ತರ: ಇದರಲ್ಲಿ ತಡ ಮಾಡಬೇಡಿ. ಅತ್ತೆಯನ್ನು ಈ ವಾರವೇ ಅವರು ನಂಬುವ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಗ್ರೂಪಿನಲ್ಲಿ ಎಲ್ಲರ ಮುಂದೆ ತಿದ್ದಬೇಡಿ. ಸೊಸೆಯೋ ಅಳಿಯನೋ ಹತ್ತು ಜನರೆದುರು ‘ಇದು ತಪ್ಪು’ ಅಂದರೆ ಅತ್ತೆಗೆ ಕಾಯಿಲೆಗಿಂತ ಮರ್ಯಾದೆ ದೊಡ್ಡದಾಗುತ್ತದೆ.

ಒಂದೇ ಮಾತು ಮತ್ತೆ ಮತ್ತೆ ಕಿವಿಗೆ ಬಿದ್ದರೆ ಅದು ನಿಜವೇ ಇರಬೇಕು ಅನ್ನಿಸುತ್ತದೆ, ಇದು 1977ರಿಂದಲೇ ಪ್ರಯೋಗಗಳಲ್ಲಿ ಕಂಡ ವಿಷಯ. ಆದ್ದರಿಂದ ಆ ಸುಳ್ಳನ್ನು ನೀವೂ ಹೇಳಿ ಹೇಳಿ ಬೈಯಬೇಡಿ. ಸರಿಯಾದದ್ದನ್ನು ಹೇಳಿ, ಅದನ್ನೇ ಮತ್ತೆ ಹೇಳಿ. ಮತ್ತೆ, ಬರೀ ‘ಅಲ್ಲ’ ಅಂದರೆ ಸಾಲದು. 1994ರ ಒಂದು ಪ್ರಯೋಗದಲ್ಲಿ ಗೋದಾಮಿಗೆ ಬೆಂಕಿ ಬಿದ್ದ ಸುದ್ದಿ ಓದಲು ಕೊಟ್ಟರು. ಕೋಣೆಯಲ್ಲಿ ಪೇಂಟು, ಗ್ಯಾಸ್ ಸಿಲಿಂಡರ್ ಇದ್ದವು ಅಂತ ಮೊದಲು ಹೇಳಿ, ಆಮೇಲೆ ಆ ಕೋಣೆ ಖಾಲಿ ಇತ್ತು ಅಂತ ತಿದ್ದಿದರು. ಓದಿದವರು ಆಮೇಲೂ ಪೇಂಟಿನ ಮೇಲೇ ತಪ್ಪು ಹಾಕಿದರು. ಯಾರೋ ಬೇಕಂತಲೇ ಬೆಂಕಿ ಹಚ್ಚಿದ ಸುಳಿವು ಸಿಕ್ಕಿದೆ ಅಂತ ಇನ್ನೊಂದು ಕಾರಣ ಕೊಟ್ಟಾಗಲೇ ಹಳೆಯದು ಸಡಿಲವಾಯಿತು. ಅತ್ತೆಗೂ ಮಾತ್ರೆಯ ಬಗ್ಗೆ ಏನೋ ಬೇಸರ ಇರಬೇಕು. ಹೊಟ್ಟೆ ಉರಿಯೋ, ಖರ್ಚೋ, ಜೀವನಪೂರ್ತಿ ನುಂಗಬೇಕಲ್ಲ ಅನ್ನುವ ಸಂಕಟವೋ. ಅದನ್ನು ಕೇಳಿ, ಡಾಕ್ಟರ ಮುಂದೆ ಅದನ್ನೇ ಹೇಳಿಸಿ.

ಪ್ರಶ್ನೆ: ತುಮಕೂರಿನಲ್ಲಿ ಡಿಗ್ರಿ ಓದುತ್ತಿದ್ದೇನೆ. ಒಂದು ವಿಷಯದಲ್ಲಿ ನನ್ನ ಅಭಿಪ್ರಾಯ ಬದಲಾಗಿದೆ. ಗೆಳೆಯರು ಗೋಸುಂಬೆ ಅಂತಾರೆ. ಸುಮ್ಮನಿದ್ದುಬಿಡಲಾ?

ಉತ್ತರ: ಬೇಡ. ಯೋಚನೆ ಮಾಡಿ ಬದಲಾಯಿಸಿದ್ದರೆ ಅದಕ್ಕೆ ನಾಚಿಕೆ ಯಾಕೆ? ಆದರೆ ಒಬ್ಬರೇ ಎದುರು ನಿಲ್ಲುವುದು ಕಷ್ಟ. 1950ರ ದಶಕದಲ್ಲಿ ಸಾಲಮನ್ ಆ್ಯಶ್ ಅನ್ನುವವರು ಗೆರೆಗಳ ಉದ್ದ ಹೋಲಿಸುವ ಸುಲಭದ ಪ್ರಶ್ನೆ ಕೊಟ್ಟರು. ಉಳಿದವರೆಲ್ಲ ಬೇಕಂತಲೇ ತಪ್ಪು ಹೇಳಿದಾಗ, ಸುಮಾರು ಮೂರರಲ್ಲಿ ಒಂದು ಸಲ ಜನ ಅವರ ಜೊತೆ ತಾವೂ ತಪ್ಪು ಹೇಳಿದರು. ಪಕ್ಕದಲ್ಲಿ ಒಬ್ಬನೇ ಒಬ್ಬ ಸರಿ ಉತ್ತರ ಹೇಳುವವನಿದ್ದರೆ ಇದು ತೀರಾ ಕಡಿಮೆಯಾಯಿತು. ಇಡೀ ಗುಂಪನ್ನು ಒಪ್ಪಿಸಲು ಹೋಗಬೇಡಿ. ಅದರಲ್ಲಿ ಯಾರು ಸ್ವಲ್ಪ ತಡೆದು ನಗುತ್ತಾರೋ, ಮೊದಲು ಅವರ ಜೊತೆ ಟೀಗೆ ಹೋಗಿ ಮಾತಾಡಿ.