ಹಳೆಯ ಕಾರಿಗೆ ಮನೆಯಲ್ಲೇ ಬಣ್ಣ: ತಗಡಿನ ಸಿದ್ಧತೆ ಹೇಗೆ?

ಪ್ರಶ್ನೆ: ನಮ್ಮಲ್ಲಿ 2004ರ ಬಿಳಿ ಮಾರುತಿ 800 ಇದೆ. ಮನೆ ಸಮುದ್ರಕ್ಕೆ ಹತ್ತಿರ. ಬಾಗಿಲುಗಳ ಕೆಳ ಅಂಚಿನಲ್ಲಿ ಬಣ್ಣ ಗುಳ್ಳೆಯೆದ್ದು ತುಕ್ಕು ಕಾಣಿಸಿಕೊಂಡಿದೆ. ಕಳೆದ ವರ್ಷ ತುಕ್ಕನ್ನು ಉಜ್ಜಿ, ಸ್ಪ್ರೇ ಡಬ್ಬಿಯಿಂದ ನಾನೇ ಬಣ್ಣ ಹೊಡೆದಿದ್ದೆ. ಅದು ಒಂದು ಮಳೆಗಾಲವೂ ಬಾಳಲಿಲ್ಲ. ಈ ಸಲ ಮತ್ತೆ ಬಿಳಿ ಬಣ್ಣವನ್ನೇ ಹೊಡೆಯಬೇಕೆಂದಿದ್ದೇನೆ. ಎಲ್ಲಿ ತಪ್ಪಿದೆ, ತಗಡನ್ನು ಹೇಗೆ ಸಿದ್ಧಗೊಳಿಸಬೇಕು ಎಂದು ತಿಳಿಸುವಿರಾ?
— ಓದುಗರು, ಕುಂದಾಪುರ

ಉತ್ತರ: ತಪ್ಪು ಬಣ್ಣದಲ್ಲಿರುವುದಕ್ಕಿಂತ ಅದರ ಅಡಿಯಲ್ಲಿ ಉಳಿದುಹೋದ ಉಪ್ಪು ಮತ್ತು ತುಕ್ಕಿನಲ್ಲಿರುವ ಸಾಧ್ಯತೆಯೇ ಹೆಚ್ಚು. ಒಣಗಿದ ಬಣ್ಣದ ಪದರ ಎಷ್ಟೇ ಗಟ್ಟಿಯಾಗಿ ಕಂಡರೂ ನೀರಿನ ಆವಿಯನ್ನು ಸ್ವಲ್ಪಸ್ವಲ್ಪವಾಗಿ ಒಳಗೆ ಬಿಡುತ್ತದೆ. ಅಡಿಯಲ್ಲಿ ಉಪ್ಪಿನ ಕಣಗಳಿದ್ದರೆ ಅವು ಆ ತೇವವನ್ನು ಸೆಳೆದು ಹಿಡಿದಿಟ್ಟು ಗುಳ್ಳೆ ಎಬ್ಬಿಸುತ್ತವೆ, ಗುಳ್ಳೆಯ ಒಳಗೆ ತುಕ್ಕು ತನ್ನಷ್ಟಕ್ಕೆ ಹಬ್ಬುತ್ತದೆ. ಕರಾವಳಿಯ ಕಾರುಗಳಿಗೆ ಇದು ಮಾಮೂಲಿ ಕಾಯಿಲೆ.

ಬಾಗಿಲಿನ ಕೆಳ ಅಂಚಿನ ತುಕ್ಕಿಗೆ ಇನ್ನೊಂದು ಕಾರಣವೂ ಇದೆ. ಗಾಜಿನ ಪಕ್ಕದ ರಬ್ಬರಿನ ಸಂದಿಯಿಂದ ಮಳೆನೀರು ಬಾಗಿಲಿನ ಒಳಗೆ ಇಳಿಯುವುದು ಸಹಜ. ಅದು ಹೊರಹೋಗಲೆಂದೇ ಕೆಳಗೆ ಸಣ್ಣ ತೂತುಗಳಿರುತ್ತವೆ. ಅವು ಕೆಸರಿನಿಂದ ಮುಚ್ಚಿಕೊಂಡರೆ ನೀರು ಒಳಗೇ ನಿಂತು, ತಗಡು ಒಳಗಿನಿಂದ ಹೊರಕ್ಕೆ ತಿನ್ನಿಸಿಕೊಳ್ಳುತ್ತದೆ. ಆದ್ದರಿಂದ ಮೊದಲು ಆ ತೂತುಗಳನ್ನು ಬಿಡಿಸಿ, ಒಳಭಾಗವನ್ನು ಸಿಹಿನೀರಿನಿಂದ ತೊಳೆದು ಒಣಗಿಸಿ. ಬಳಿಕ ತುಕ್ಕಿನ ಜಾಗವನ್ನು ಸ್ಕ್ರೂಡ್ರೈವರ್ ತುದಿಯಿಂದ ಒತ್ತಿ ನೋಡಿ. ತಗಡು ತೂತಾದರೆ ಪುಟ್ಟಿ ತುಂಬಿ ಮುಚ್ಚುವುದು ವ್ಯರ್ಥ. ಟಿಂಕರಿಂಗ್ ಕೆಲಸದವರಿಂದ ಹೊಸ ತಗಡಿನ ತುಂಡು ಬೆಸೆಸಿ.

ಉಜ್ಜುಕಾಗದದಿಂದ (ಸ್ಯಾಂಡ್ ಪೇಪರ್) ಉಜ್ಜುವ ಮೊದಲೇ ಜಿಡ್ಡನ್ನು ತೆಗೆಯಬೇಕು ಎಂಬುದನ್ನು ಅನೇಕರು ಮರೆಯುತ್ತಾರೆ. ಪಾಲಿಶ್ ಮತ್ತು ಮೇಣದ ಅಂಶ ಇರುವಾಗಲೇ ಉಜ್ಜಿದರೆ ಅದು ಗೀರುಗಳ ಒಳಗೆ ಸೇರಿ, ಮುಂದೆ ಬಣ್ಣ ಹೊಡೆದಾಗ ಅಲ್ಲಲ್ಲಿ ಮೀನಿನ ಕಣ್ಣಿನಂತಹ ಕುಳಿಗಳನ್ನು ಮಾಡುತ್ತದೆ. ಸೋಪು ನೀರಿನಲ್ಲಿ ತೊಳೆದು, ಮತ್ತೆರಡು ಬಾರಿ ಬರಿಯ ಸಿಹಿನೀರು ಹಾಯಿಸಿ ಒಣಗಿಸಿದ ನಂತರ, ಜಿಡ್ಡು ತೆಗೆಯುವ ದ್ರಾವಣದಲ್ಲಿ ಒಂದು ಬಟ್ಟೆಯನ್ನು ಅದ್ದಿ ಒರೆಸಿ, ಆರುವ ಮೊದಲೇ ಇನ್ನೊಂದು ಶುಭ್ರವಾದ ಬಟ್ಟೆಯಿಂದ ತೆಗೆಯಿರಿ.

ಕಳೆದ ವರ್ಷದ ಬಣ್ಣದ ಮೇಲೆ ಥಿನ್ನರ್ ಹಾಕಿದ ಬಟ್ಟೆಯನ್ನು ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಬಣ್ಣ ಮೆತ್ತಗಾಗಿ ಬಟ್ಟೆಗೆ ಅಂಟಿದರೆ ಅದನ್ನು ಪೂರ್ತಿ ತೆಗೆಯಲೇಬೇಕು, ಇಲ್ಲವಾದರೆ ಹೊಸ ಬಣ್ಣದ ಥಿನ್ನರ್ ಅದನ್ನು ಸುಕ್ಕುಗಟ್ಟಿಸುತ್ತದೆ. ಕಂಪನಿಯಲ್ಲಿ ಬೇಯಿಸಿ ಗಟ್ಟಿ ಮಾಡಿದ ಮೂಲ ಬಣ್ಣ ಹಾಗೆ ಕರಗದು. ಗಟ್ಟಿಯಾಗಿ ಅಂಟಿರುವ ಕಡೆ ಅದನ್ನು ಬುಡದವರೆಗೆ ಕಿತ್ತುಹಾಕುವ ಅಗತ್ಯವಿಲ್ಲ.

ತುಕ್ಕಿನ ಜಾಗವನ್ನು 80ನೇ ನಂಬರಿನ ಕಾಗದದಿಂದ, ಹೊಳೆಯುವ ಲೋಹ ಕಾಣುವವರೆಗೆ, ಗುಳ್ಳೆಯ ಅಂಚನ್ನು ದಾಟಿ ಎರಡು ಬೆರಳಿನಷ್ಟು ಆಚೆಗೂ ಉಜ್ಜಿ. ಹಳೆಯ ಬಣ್ಣ ಮುಗಿದು ಲೋಹ ತೊಡಗುವ ಅಂಚನ್ನು 180, ನಂತರ 320ರಿಂದ ಇಳಿಜಾರಾಗಿಸಿ, ಕಣ್ಣು ಮುಚ್ಚಿ ಅಂಗೈ ಸವರಿದರೆ ಮೆಟ್ಟಿಲು ತಿಳಿಯದಂತಿರಬೇಕು. ಬೆರಳಿನಿಂದ ಒತ್ತಿ ಉಜ್ಜಿದರೆ ಬೆರಳಿನ ಆಕಾರದ ತಗ್ಗುಗೆರೆ ಬೀಳುತ್ತದೆ. ಕಾಗದವನ್ನು ಮರದ ತುಂಡಿಗೆ ಸುತ್ತಿಕೊಳ್ಳಿ. ಧೂಳಿಗೆ ಮುಖಗವಸು ಕಡ್ಡಾಯ.

ಬರಿಯ ಲೋಹವನ್ನು ರಾತ್ರಿಯಿಡೀ ತೆರೆದಿಡಬೇಡಿ. ನಿಮ್ಮ ಊರಿನ ಗಾಳಿಯಲ್ಲಿ ಬೆಳಗಾಗುವಷ್ಟರಲ್ಲಿ ತೆಳು ತುಕ್ಕು ಹಿಡಿಯಬಹುದು. ಅಂದೇ ಎರಡು ಭಾಗಗಳನ್ನು ಬೆರೆಸುವ ಎಪಾಕ್ಸಿ ಪ್ರೈಮರ್ (ಬಣ್ಣದ ಅಡಿಪದರ) ಹಚ್ಚಿ. ಚಿಕ್ಕ ಜಾಗಕ್ಕೆ ಬ್ರಷ್ ಸಾಕು, ಕೈಗವಸು ಇರಲಿ. ತಗ್ಗುಗಳಿಗೆ ಅದರ ಮೇಲೆ ಪುಟ್ಟಿ ಹಾಕಿ, ಎರಡು ಮೂರು ಮಿಲಿಮೀಟರ್ ಮೀರದಂತೆ. ಪುಟ್ಟಿಗೆ ನೀರು ಹಾಕಿ ಉಜ್ಜಬೇಡಿ, ಅದು ನೀರನ್ನು ಹೀರುತ್ತದೆ. ಮೇಲೆ ಮತ್ತೆ ಪ್ರೈಮರ್ ಹೊಡೆದು ಒಣಗಿದ ಬಳಿಕ 600ರ ವಾಟರ್ ಪೇಪರಿನಿಂದ ಮಟ್ಟಮಾಡಿ. ಸಾಧಾರಣ ಡಬ್ಬಿ ಪ್ರೈಮರ್ ಸಹ ತೇವವನ್ನು ಒಳಬಿಡುವುದರಿಂದ ಅಷ್ಟಕ್ಕೇ ನಿಲ್ಲಿಸಿ ಕಾರನ್ನು ಇಬ್ಬನಿಯಲ್ಲಿ ಬಿಡುವುದು ಬೇಡ. ಕೆಲಸಕ್ಕೆ ಡಿಸೆಂಬರ್, ಜನವರಿಯ ಒಣ ಹಗಲುಗಳೇ ಸೂಕ್ತ.

ಕೊನೆಯ ಬಣ್ಣದ ಬಗ್ಗೆ ಒಂದು ಎಚ್ಚರಿಕೆ: ಗಟ್ಟಿಯಾಗಲೆಂದು ಹಾರ್ಡನರ್ ಬೆರೆಸುವ ಟೂ-ಕೆ ಬಣ್ಣದಲ್ಲಿ ಸಾಮಾನ್ಯವಾಗಿ ಐಸೋಸಯನೇಟ್ ಎಂಬ ರಾಸಾಯನಿಕ ಇರುತ್ತದೆ. ಅದರ ತುಂತುರು ಉಸಿರಿಗೆ ಸೇರಿದರೆ ಆಸ್ತಮಾ ಬರಬಹುದು. ಬಟ್ಟೆಯ ಮುಖಗವಸು ಅದನ್ನು ತಡೆಯದು. ಆ ಒಂದು ಕೆಲಸವನ್ನು ಬಣ್ಣ ಹೊಡೆಯುವ ಮುಚ್ಚಿದ ಕೋಣೆ (ಬೂತ್) ಇರುವ ವರ್ಕ್‌ಶಾಪಿಗೆ ಒಪ್ಪಿಸುವುದೇ ಸರಿ ಎಂಬುದು ನನ್ನ ಅಭಿಪ್ರಾಯ. ಬಿಳಿಯನ್ನೇ ಉಳಿಸಿಕೊಳ್ಳುವುದರಿಂದ ಆರ್‌ಸಿಯಲ್ಲಿ ಬಣ್ಣ ತಿದ್ದಿಸುವ ಪ್ರಶ್ನೆ ಬರುವುದಿಲ್ಲ. ಕಾರು ಮನೆಗೆ ಬಂದ ದಿನ ಬಾಗಿಲಿನ ಕೆಳಗಿನ ತೂತುಗಳಲ್ಲಿ ಟೇಪು, ಬಣ್ಣ ಏನೂ ಉಳಿದಿಲ್ಲವೆಂದು ಬಗ್ಗಿ ನೋಡಿಕೊಳ್ಳಿ.