ಒಂಬತ್ತು ಪುಟದಲ್ಲಿ ಒಬ್ಬರ ಕಾಲಿಗೂ ಕೆಸರು ಮೆತ್ತಿಲ್ಲ

ನಮಸ್ಕಾರ. ಜುಲೈ 26ರ ವಿಶ್ವ ಮ್ಯಾಂಗ್ರೋವ್ ದಿನಕ್ಕೆ ಅಂತ ನಮ್ಮ ಪತ್ರಿಕೆಗೆ ನೀವು ಕಳಿಸಿದ ಲೇಖನ, ಉಪ್ಪುನೀರ ಕೆಸರಲ್ಲಿ ಬೆಳೆಯೋ ಕಾಡಿನ ಬಗ್ಗೆ ಬರ್ದ 'ಮ್ಯಾಂಗ್ರೋವ್ ಕಾಡುಗಳು ಮತ್ತು ಮಾನವ ಕಲ್ಯಾಣ', ಎರಡು ಸಲ ಓದಿದೆ. ಒಂದ್ಸಲ ಬಸ್ಸಲ್ಲಿ, ಇನ್ನೊಂದ್ಸಲ ಮನೇಲಿ ಸಿಟ್ಟಲ್ಲಿ. ಭಾಷೆ ಶುದ್ಧವಾಗಿದೆ, ಕಾಗುಣಿತ ತಪ್ಪಿಲ್ಲ, ಓದಿಕೊಂಡು ಬರ್ದಿದೀರ, ಡೆಡ್‌ಲೈನಿಗಿಂತ ಮೂರು ದಿನ ಮೊದ್ಲೇ ಕಳ್ಸಿದೀರ, ಸಂತೋಷ. ಆದ್ರೆ ಹೀಗೇ ಹಾಕೋಕಾಗಲ್ಲ. ಅಷ್ಟು ಬರ್ದು ಸುಮ್ಮನಾಗಬಹುದಿತ್ತು, ನಿಮ್ಮ ಪರಿಚಯದಲ್ಲಿ 'ಊರು ಕುಮಟಾ ಹತ್ತಿರ' ಅಂತ ಕಂಡಿದ್ದೇ ತಪ್ಪಾಯ್ತು ನೋಡಿ, ಅಲ್ಲಿಂದ ಶುರುವಾಯ್ತು ಸಿಟ್ಟು.

ಮೊದಲ ವಾಕ್ಯ: 'ಮ್ಯಾಂಗ್ರೋವ್ ಕಾಡುಗಳು ಮಾನವ ಕಲ್ಯಾಣಕ್ಕೆ ಬಹುಮುಖಿ ಕೊಡುಗೆಯನ್ನು ನೀಡುತ್ತಿವೆ.' ಯಾವ ಮಾನವ? ಇದೇ ವಾಕ್ಯದಲ್ಲಿ ಮ್ಯಾಂಗ್ರೋವ್ ತೆಗೆದು 'ಸಹಕಾರಿ ಬ್ಯಾಂಕುಗಳು' ಅಂತ ಹಾಕಿ ಓದಿ, ಏನೂ ಕೆಡಲ್ಲ. ಅಲ್ಲಾ, ಲೇಖನದಲ್ಲಿ ಮ್ಯಾಂಗ್ರೋವ್ ಅನ್ನೋದು ನಾನು ಎಣಿಸಿದ ಹಾಗೆ 41 ಸಲ ಬಂದಿದೆ, ಅದಕ್ಕೆ ನಿಮ್ಮೂರ ಕಡೆಯ ಹೆಸರು ಕಾಂಡ್ಲಾ ಒಂದ್ಸಲಾನೂ ಇಲ್ಲ. ಕುಮಟಾದವರು ಕಾಂಡ್ಲಾ ಅನ್ನದೆ ಇನ್ಯಾರು ಅಂತಾರೆ? ಪಕ್ಕದ ಹೊನ್ನಾವರದಲ್ಲಿ ಟೂರಿಸ್ಟುಗಳು ಬಂದು ಹೋಗೋ ಆ ಮರದ ಸೇತುವೆಗೂ ಕಾಂಡ್ಲಾ ಅಂತಾನೇ ಹೆಸರಿಟ್ಟಿದಾರಲ್ವಾ.

ಎರಡನೇ ಪುಟ: 'ಸ್ಥಳೀಯ ಸಮುದಾಯಗಳ ಜೀವನೋಪಾಯಕ್ಕೆ ಇವು ಆಧಾರವಾಗಿವೆ.' ಇಲ್ಲಿ ಪೆನ್ನು ಕೆಳಗಿಟ್ಟೆ. ಸ್ಥಳೀಯ ಸಮುದಾಯ ಅಂದ್ರೆ ನಿಮ್ಮ ಪಕ್ಕದ ಮನೆಯವರು ಕಣ್ರೀ. ಅಘನಾಶಿನಿ ನದಿ ಸಮುದ್ರ ಸೇರೋ ಅಳಿವೇಲಿ ಇಳಿತ ಆದಾಗ ಸೊಂಟದ ಮಟ್ಟದ ನೀರಲ್ಲಿ ನಿಂತು ಬೆಳಚು ಅನ್ನೋ ಚಿಪ್ಪುಮೀನು ಹೆಕ್ಕೋರು. ಸುಮಾರು 2008ರಲ್ಲಿ ಬೆಂಗಳೂರಿನ ವಿಜ್ಞಾನ ಸಂಸ್ಥೆ ಐಐಎಸ್‌ಸಿಯವರು ಲೆಕ್ಕ ಹಾಕಿದಾಗ ಈ ಒಂದು ಅಳಿವೇಲೇ ಚಿಪ್ಪುಮೀನು ನಂಬ್ಕೊಂಡು 2 ಸಾವಿರಕ್ಕೂ ಹೆಚ್ಚು ಜನ ಇದ್ರು. ಬೆಳಚು ಕಾಂಡ್ಲಾ ಬುಡದಲ್ಲಿ ಬೆಳೆಯಲ್ಲ, ಅದರಾಚೆ ಮರಳು ಕೆಸರಲ್ಲಿ ಬೆಳೆಯುತ್ತೆ, ನೀವು ಎರಡನ್ನೂ ಒಂದೇ ಉಸಿರಲ್ಲಿ ಸೇರಿಸ್ಬಿಟ್ಟಿದೀರ. ನಡುವಿನ ಕೊಂಡಿಯೇ ಕಥೆ: ಎಲೆ ಉದುರುತ್ತೆ, ಏಡಿ ಅದನ್ನ ಹರಿದು ತಿನ್ನುತ್ತೆ, ಉಳಿದಿದ್ದು ಕೊಳೆತು ಪುಡಿಯಾಗಿ ಉಬ್ಬರ ಇಳಿತದ ಜೊತೆ ಅಳಿವೆಯೆಲ್ಲ ಓಡಾಡುತ್ತೆ, ಅದನ್ನ ತಿನ್ನೋ ಸಣ್ಣ ಜೀವಗಳಿಂದ ಬೆಳಚು, ಸಿಗಡಿ, ಮೀನಿನ ಹೊಟ್ಟೆ ತುಂಬುತ್ತೆ. ಸಿಗಡಿ ಮೊಟ್ಟೆ ಇಡೋದು ಸಮುದ್ರದಲ್ಲಿ, ಮರಿ ಬಂದು ಅಡಗೋದು ಈ ಬೇರುಗಳ ಸಂದೀಲಿ, ದೊಡ್ಡ ಮೀನಿಗೆ ಅಲ್ಲಿ ನುಗ್ಗೋಕೆ ಜಾಗ ಸಾಲಲ್ಲ. ನಿಮ್ಮ 'ಆಧಾರವಾಗಿವೆ' ಅನ್ನೋ ಪದದೊಳಗೆ ಇದೆಲ್ಲ ಸತ್ತು ಮಲಗಿದೆ.

ನಂಗೆ ಇದು ಯಾಕೆ ಇಷ್ಟು ಚುಚ್ಚುತ್ತೆ ಅಂದ್ರೆ, 24ನೇ ವಯಸ್ಸಲ್ಲಿ ನಾನೂ ಇದನ್ನೇ ಬರೀತಿದ್ದೆ. ಒಂದು ಪತ್ರಿಕೇಲಿ ಟ್ರೈನಿ. ಮೀನುಗಾರರ ಬಗ್ಗೆ ಮುಕ್ಕಾಲು ಪುಟ ಬರ್ದು ಚೀಫ್ ಸಬ್ ಎಡಿಟರ್ ಟೇಬಲ್ ಮೇಲಿಟ್ಟೆ, 'ಬದುಕು ದುಸ್ತರವಾಗಿದೆ', 'ಆತಂಕ ಮನೆಮಾಡಿದೆ' ಥರದ್ದು. ಆ ಮನುಷ್ಯ ಓದ್ತಾ ಓದ್ತಾ ಮಾರ್ಜಿನ್ನಲ್ಲಿ ಕೆಂಪು ಪೆನ್ನಲ್ಲಿ 'ಯಾರು?' ಅಂತ ಬರೆದ, ಕೆಳಗೆ ಮತ್ತೆ 'ಯಾರು?', ಒಟ್ಟು ಏಳು. ಕೊನೇಲಿ ಕೇಳಿದ, 'ಇವತ್ತು ಬಂಗಡೆ ಎಷ್ಟಕ್ಕೆ ಎಷ್ಟು?' ನಂಗೆ ಗೊತ್ತಿರಲಿಲ್ಲ. ಮರುದಿನ ಬೆಳಗ್ಗೆ ಮೀನು ಮಾರ್ಕೆಟ್ಟಿಗೆ ಹೋಗಿ ನೋಟ್‌ಬುಕ್ ಹಿಡ್ಕೊಂಡು ನಿಂತೆ, ಮೀನು ಮಾರೋ ಅಮ್ಮ ಒಬ್ಬರು 'ತಗಳ್ಳುದಾದ್ರೆ ತಗ, ಇಲ್ಲಾಂದ್ರೆ ಆಚೆ ಸರಿ' ಅಂದ್ರು. ತಗೊಂಡೆ. ಎರಡು ಪಾಲು. ಆಮೇಲೆ ಮಾತಾಡಿದ್ರು, ಗಂಡನ ದೋಣಿ ಯಾಕೆ ಮೂರು ದಿನದಿಂದ ದಡದಲ್ಲಿದೆ, ಐಸ್ ಯಾರ ಹತ್ರ ಸಾಲ ತಂದಿದ್ದು, ಎಲ್ಲ. ನನ್ನ ಮುಕ್ಕಾಲು ಪುಟದಲ್ಲಿ ಅಚ್ಚಾಗಿದ್ದು ಆ ಒಂದು ಪ್ಯಾರಾ ಮಾತ್ರ. ಆ ಚೀಫ್ ಸಬ್ ಅನ್ನು ನಾನು ಮೂರು ವರ್ಷ ದ್ವೇಷಿಸಿದೆ, ಅದು ಬೇರೆ ವಿಷಯ. ಬಂಗಡೆನ ರೂಮಲ್ಲಿ ಹುರಿಯೋಕೆ ಹೋಗಿ ಓನರ್ ಹತ್ರ ಬೈಸ್ಕೊಂಡಿದ್ದೂ ಬೇರೆ ವಿಷಯ.

ಹ್ಞಾಂ, ಮೂರನೇ ಪುಟ. 'ಹಿನ್ನೀರಿನ ಸುಗಂಧಭರಿತ ತಂಗಾಳಿ ಮನಸ್ಸಿಗೆ ಮುದ ನೀಡುತ್ತದೆ.' ನಿಜವಾಗ್ಲೂ? ಇಳಿತದ ಹೊತ್ತಲ್ಲಿ ಕಾಂಡ್ಲಾ ಹತ್ರ ನಿಂತ್ರೆ ಕೊಳೆತ ಮೊಟ್ಟೆ ವಾಸನೆ ಬರುತ್ತೆ. ಅದನ್ನ ಮುಚ್ಚಿಟ್ಟು ನಿಮ್ಮ ಲೇಖನದ ಅತ್ಯಂತ ಒಳ್ಳೆ ಸಂಗತಿ ಕೈಯಾರೆ ಕಳ್ಕೊಂಡಿದೀರ. ಆ ಕೆಸರಲ್ಲಿ ಆಕ್ಸಿಜನ್ ಇರಲ್ಲ, ಅದಿಲ್ಲದೇ ಬದುಕೋ ಬ್ಯಾಕ್ಟೀರಿಯಾ ಸಮುದ್ರದ ನೀರಿನ ಸಲ್ಫೇಟ್ ಬಳಸ್ಕೊಂಡು ಆ ಗ್ಯಾಸ್ ಬಿಡ್ತವೆ. ಕೆಸರಲ್ಲಿ ಗಾಳಿ ಇಲ್ಲ ಅಂತಾನೇ ಉಪ್ಪಟ್ಟಿ ಅನ್ನೋ ಕಾಂಡ್ಲಾ ಮರ ಪೆನ್ಸಿಲ್ ಥರ ಬೇರುಗಳನ್ನ ಮೇಲಕ್ಕೆ ಚಾಚಿ ಉಸಿರಾಡುತ್ತೆ. ಗಾಳಿ ಇಲ್ಲ ಅಂತಾನೇ ಕೆಸರೊಳಗೆ ಹೂತು ಹೋದ ಬೇರು ಎಲೆ ಬೇಗ ಕೊಳೆಯಲ್ಲ, ಇಂಗಾಲ ಅಲ್ಲೇ ಕೂತಿರುತ್ತೆ. 2011ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಹಿಂದೂ ಮಹಾಸಾಗರ, ಪೆಸಿಫಿಕ್ ಭಾಗದ ಇಂಥ ಕಾಡುಗಳಲ್ಲಿ ಹೆಕ್ಟೇರಿಗೆ ಸರಾಸರಿ ಸುಮಾರು 1 ಸಾವಿರ ಟನ್ ಇಂಗಾಲ ಸಿಕ್ಕಿತ್ತು, ಹೆಚ್ಚಿನ ಪಾಲು ಕೆಸರಲ್ಲೇ. ನೀವು ಆರನೇ ಪುಟದಲ್ಲಿ 'ಇಂಗಾಲದ ಕಣಜ' ಅಂದಿದೀರಲ್ಲ, ಆ ಕಣಜದ ವಾಸನೆ ಇದು. ಮೂರನೇ ಪುಟಕ್ಕೂ ಆರನೇ ಪುಟಕ್ಕೂ ಒಂದೇ ಕೆಸರು, ನೀವು ಒಂದು ಕಡೆ ಅದಕ್ಕೆ ಅತ್ತರು ಹಚ್ಚಿ ಇನ್ನೊಂದು ಕಡೆ ಪಟ್ಟ ಕಟ್ಟಿದೀರ.

ಇನ್ನೊಂದು ಮಾತ್ರ ಹೇಳಿ ಬಿಡ್ತೀನಿ, ಉಳಿದಿದ್ದೆಲ್ಲ ಇರ್ಲಿ. 'ಸುನಾಮಿ, ಚಂಡಮಾರುತಗಳಿಂದ ಕರ್ನಾಟಕ ಕರಾವಳಿಯನ್ನು ರಕ್ಷಿಸುತ್ತಿರುವ ಅಭೇದ್ಯ ಕೋಟೆ.' ಅರಣ್ಯ ಸರ್ವೆಯ 2021ರ ವರದಿ ಪ್ರಕಾರ ದೇಶದಲ್ಲಿರೋದು 4,992 ಚದರ ಕಿಮೀ ಕಾಂಡ್ಲಾ, ಅದರಲ್ಲಿ ಕರ್ನಾಟಕದ್ದು 13. ಹದಿಮೂರು! ಅದೂ ಹೆಚ್ಚಾಗಿ ಅಳಿವೆ ಒಳಗೆ, ನದಿ ದಂಡೆಲಿ, ಸಮುದ್ರಕ್ಕೆ ಮುಖ ಮಾಡಿ ನಿಂತಿಲ್ಲ. ಒಡಿಶಾದ ಕೇಂದ್ರಪಾಡಾದಲ್ಲಿ 1999ರ ಸೂಪರ್ ಸೈಕ್ಲೋನ್ ಟೈಮಲ್ಲಿ ಸಮುದ್ರಕ್ಕೂ ಊರಿಗೂ ನಡುವೆ ಅಗಲವಾದ ಕಾಂಡ್ಲಾ ಕಾಡಿದ್ದ ಊರುಗಳಲ್ಲಿ ಸಾವು ಕಮ್ಮಿ ಆಗಿತ್ತು, 2009ರಲ್ಲಿ ಅದರ ಅಧ್ಯಯನವೇ ಬಂತು. ಅದು ಅಲ್ಲಿಯ ಮಾತು, ಅಲ್ಲಿಯ ಅಗಲದ ಮಾತು. ನಮ್ಮ ಕಾಂಡ್ಲಾ ಕಾಯೋದು ಸಣ್ಣದನ್ನ: ಗಜನಿ ಗದ್ದೆಯ, ಅಂದ್ರೆ ಅಳಿವೆ ದಂಡೆಯ ಉಪ್ಪುನೀರ ಗದ್ದೆಯ, ಒಡ್ಡು. ಹೊರಮಗ್ಗುಲಲ್ಲಿ ಕಾಂಡ್ಲಾ ಇದ್ರೆ ನೀರಿನ ಹೊಡೆತ ಮಣ್ಣಿಗೆ ನೇರ ಬೀಳಲ್ಲ. ಒಡ್ಡು ಒಡೆದ್ರೆ ಉಪ್ಪುನೀರು ಹೊತ್ತಲ್ಲದ ಹೊತ್ತಲ್ಲಿ ನುಗ್ಗಿ ಉಪ್ಪು ತಡೆಯೋ ತಳಿಯಾದ ಕಗ್ಗ ಭತ್ತವೂ ತಡ್ಕೊಳ್ಳೋದು ಕಷ್ಟ. ಒಂದು ಮನೆಯ ವರ್ಷದ ಅಕ್ಕಿ ಉಳಿಯೋದು ಕೋಟೆಗಿಂತ ಕಮ್ಮಿ ವಿಷಯಾನಾ?

ಗಜನಿ ಅಂದಾಗ ನೆನಪಾಯ್ತು, ಏಳನೇ ಪುಟದಲ್ಲಿ ನೀವು ಕ್ಷಮೆ ಕೇಳ್ಕೊಂಡು ಬರ್ದಿದೀರಿ, 'ವಿಷಯಾಂತರವಾದರೂ ಹೇಳುವುದಾದರೆ, ನಮ್ಮ ದೊಡ್ಡಪ್ಪ ಕಗ್ಗದ ತೆನೆಯನ್ನಷ್ಟೇ ಕೊಯ್ದು ಹುಲ್ಲನ್ನು ಗದ್ದೆಯಲ್ಲೇ ಬಿಡುತ್ತಿದ್ದರು, ಮೀನಿಗೂ ಊಟ ಬೇಕಲ್ಲ ಎನ್ನುತ್ತಿದ್ದರು.' ಅಯ್ಯೋ ದೇವ್ರೆ! ಒಂಬತ್ತು ಪುಟದಲ್ಲಿ ಮನುಷ್ಯರೊಬ್ಬರು ಬಾಯಿ ಬಿಟ್ಟಿದ್ದು ಇಲ್ಲಿ ಮಾತ್ರ, ಅದನ್ನ ಹೋಗಿ ವಿಷಯಾಂತರ ಅಂದ್ರಾ? ಮಳೆಗಾಲದಲ್ಲಿ ಉಪ್ಪು ತೊಳೆದು ಹೋದ ಗದ್ದೇಲಿ ಭತ್ತ, ಕೊಯ್ಲಾದ ಮೇಲೆ ಗೇಟು ಎತ್ತಿ ಉಪ್ಪುನೀರು ಒಳಗೆ ಬಿಟ್ಟು ಅದೇ ಗದ್ದೇಲಿ ಸಿಗಡಿ ಮೀನು. ಗೇಟಿನಾಚೆ ಆ ಮರಿಗಳನ್ನ ಸಾಕಿದ್ದು ಕಾಂಡ್ಲಾ. ನಿಮ್ಮ ಲೇಖನ ದೊಡ್ಡಪ್ಪನ ಗದ್ದೆಯಿಂದ ಶುರುವಾಗ್ಬೇಕು. ಬೇಕಿದ್ರೆ ಶರಾವತಿ ಕಡೆಗೂ ಒಂದು ಸಲ ನೋಡಿ, ಅಲ್ಲಿ ಕರೆಂಟಿಗಾಗಿ ಅಣೆಕಟ್ಟಿಂದ ವರ್ಷವಿಡೀ ಸಿಹಿನೀರು ಬಿಟ್ಟು ಅಳಿವೇಲಿ ಉಪ್ಪು ಕಮ್ಮಿಯಾಗಿ ಬೆಳಚು ಸೋತು ಹೋಯ್ತು. ಅಘನಾಶಿನಿಗೆ ಅಂಥ ಅಣೆಕಟ್ಟಿಲ್ಲ. 2024ರಲ್ಲಿ ಈ ಅಳಿವೆ ರಾಮ್ಸರ್ ಅನ್ನೋ ಮಹತ್ವದ ಜೌಗು ಪ್ರದೇಶಗಳ ಅಂತಾರಾಷ್ಟ್ರೀಯ ಪಟ್ಟಿಗೆ ಸೇರಿದ್ದನ್ನ ನೀವು ಒಂದೂವರೆ ಪುಟ ಸಂಭ್ರಮಿಸಿದೀರ, ಅದಕ್ಕೆ ಒಂದು ಸಾಲು ಸಾಕು.

ಹಾಗಾಗಿ ಊರಿಗೆ ಹೋಗಿ ಬನ್ನಿ. ಅಮಾವಾಸ್ಯೆ ಹುಣ್ಣಿಮೆ ಆಸುಪಾಸಲ್ಲಿ ಹೋದ್ರೆ ನೀರು ಚೆನ್ನಾಗಿ ಇಳಿದಿರುತ್ತೆ, ಬೆಳಚು ಹೆಕ್ಕೋರು ಸಿಕ್ತಾರೆ. ಬುಟ್ಟಿ ಎಷ್ಟಕ್ಕೆ ಹೋಗುತ್ತೆ ಕೇಳಿ, ಒಂದು ಪಾಲು ತಗೊಂಡು ಕೇಳಿ. ದೊಡ್ಡಪ್ಪನ ಮಾತು ಹಾಕೋ ಮುಂಚೆ ಅವರ ಮನೆಯವರಿಗೆ ಒಂದು ಮಾತು ಹೇಳಿ. ನಾಲ್ಕು ಪುಟಕ್ಕೆ ಇಳಿಸಿ ಕಳಿಸಿ, ಆಗಸ್ಟ್ ಸಂಚಿಕೇಲಿ ಜಾಗ ಇಟ್ಟಿರ್ತೀನಿ. ಜೊತೆಗೆ ಬೇರೆ ಫೋಟೋನೂ ಬೇಕು, ಈಗ ಕಳ್ಸಿರೋದು ಸುಂದರ್‌ಬನ್ನಿಂದು, ಎಡಗಡೆ ಮೂಲೇಲಿ ಹುಲಿ ಈಜ್ತಾ ಇದೆ.